ಈಸಲು ಎದ್ದ ಸಂಜೆ ಗಾಳ: ಯಾವ ಎರೆ, ಯಾವ ಹೊತ್ತು, ಎಲ್ಲಿ ನಿಲ್ಲಬೇಕು

ರೋಹಿಣಿ ಮಳೆ ಬಿದ್ದು ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಏಳುವ ವಾರದಿಂದ ಒಂದೇ ಮಾತು ಕೇಳಿಬರುತ್ತದೆ: "ನೀರಿನ ತುಂಬ ಮೀನು ಕುಣೀತಿದ್ವು, ನನ್ನ ಗಾಳಕ್ಕೆ ಮಾತ್ರ ಒಂದೂ ಬರಲಿಲ್ಲ." ಕಲಬುರಗಿಯವರೂ ಹೇಳುತ್ತಾರೆ, ಯಾದಗಿರಿಯವರೂ ಹೇಳುತ್ತಾರೆ. ಯಾವ ಎರೆ ಹಾಕಿದ್ರಿ ಅಂತ ಕೇಳಿದರೆ ಉತ್ತರವೂ ಒಂದೇ. ಗೋಧಿ ಕಣಕ, ಸೀಸ ಕಟ್ಟಿ ತಳಕ್ಕೆ.

ನಾನೂ ಮೊದಲ ವರ್ಷ ಹಾಗೇ ಮಾಡಿದ್ದೆ. ಬೆಣ್ಣೆತೊರಾ ಹಿನ್ನೀರಿನಲ್ಲಿ ಕಣ್ಣೆದುರೇ ನೂರಾರು ಉಂಗುರ ಏಳುತ್ತಿದ್ದವು. ನಾನು ಕಣಕ ಬದಲಿಸುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಒಬ್ಬ ಹಿರಿಯರು ತಮ್ಮ ಬಿದಿರು ಕೋಲಿನಲ್ಲಿ ಐದನೇ ಜಿಲೇಬಿ ಮೀನು (ತಿಲಾಪಿಯಾ) ಎತ್ತಿ ನನ್ನ ಕಡೆ ತಿರುಗಿ, "ತಮ್ಮಾ, ಮೀನ ಮ್ಯಾಲ ನೋಡ್ಲಕತ್ತಾವ, ನೀ ತಳಕ್ಕ ಯಾಕ ಬಿಡ್ತಿ?" ಅಂದರು. ಈ ಬರಹದ ಸಾರ ಆ ಒಂದು ಮಾತಿನಲ್ಲಿದೆ. ಹುಳ ಎದ್ದಾಗ ಮೀನು ಒಂದೇ ತಿಂಡಿಯ ಮೇಲೆ ಕಣ್ಣಿಡುತ್ತದೆ. ಆ ಗಾತ್ರದ ಹುಳ, ಆ ಎತ್ತರದ ನೀರಿನಲ್ಲಿ, ಆ ಹೊತ್ತಿಗೆ ಇದ್ದರೆ ಮಾತ್ರ ಬಾಯಿ ಹಾಕುತ್ತದೆ.

ಹಿಮಾಚಲದ ತಣ್ಣೀರಿನ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವವರು ಮೇಫ್ಲೈ ಹುಳ ಎದ್ದಾಗ ನೋಡುವುದೂ ಇದನ್ನೇ. ಟ್ರೌಟ್ ನಮ್ಮ ಬಿಸಿ ನೀರಿನಲ್ಲಿ ಬದುಕುವುದಿಲ್ಲ. ಆದರೆ ಅವರ ಲೆಕ್ಕಾಚಾರ ನಮಗೂ ಕೆಲಸಕ್ಕೆ ಬರುತ್ತದೆ, ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ. ಮೇಫ್ಲೈ ಮರಿ ನೀರಿನ ತಳದಲ್ಲಿ ಬೆಳೆದು, ಈಜಿ ಮೇಲೆ ಬಂದು ರೆಕ್ಕೆ ಬಿಚ್ಚುತ್ತದೆ. ಹಾಗಾಗಿ ಅಲ್ಲಿನ ಮೀನು ಮೊದಲು ನೀರಿನೊಳಗೇ ತಿನ್ನಲು ಶುರು ಮಾಡುತ್ತದೆ. ನಮ್ಮ ಈಸಲು ನೆಲದ ಹುಳ. ಅದು ನೀರಿಗೆ ಮೇಲಿನಿಂದ ಬೀಳುತ್ತದೆ. ಬೀಳುವ ತನಕ ಮೀನಿಗೆ ಅದರ ಸುದ್ದಿಯೇ ಇರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಗಾಳಿಯ ದಿಕ್ಕು ನೋಡದೆ ಜಾಗ ಆರಿಸಿದರೆ ಸಂಜೆ ವ್ಯರ್ಥ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಹತ್ತು ಹನ್ನೆರಡು ಅಡಿಯ ಬಿದಿರು ಕೋಲು, ಇಲ್ಲವೇ ಆರೇಳು ಅಡಿಯ ಹಗುರ ರೀಲ್ ಕೋಲು. 0.18 ಅಥವಾ 0.20 ಮಿ.ಮೀ. ನೈಲಾನ್ ದಾರ. 12 ಮತ್ತು 14 ನಂಬರಿನ ತೆಳು ತಂತಿಯ ಗಾಳದ ಮುಳ್ಳು (ಕೊಕ್ಕೆ). ಇಲ್ಲಿ ನಂಬರ್ ಹೆಚ್ಚಾದಷ್ಟು ಮುಳ್ಳು ಸಣ್ಣದು, ಅಂಗಡಿಯಲ್ಲಿ ತಪ್ಪು ತರಬೇಡಿ. ಬಿದಿರು ಕೋಲಿಗೆ ನವಿಲುಗರಿಯ ದಂಟಿನಷ್ಟು ತೆಳ್ಳಗಿನ ಬೆಂಡು. ರೀಲ್ ಕೋಲಿಗೆ ಒಳಗೆ ನೀರು ತುಂಬಬಹುದಾದ, ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ಗುಂಡು ಬೆಂಡು. ಒಂದು ಕೈಬಲೆ. ತಲೆಗೆ ಕಟ್ಟುವ ಟಾರ್ಚು, ಅದರ ಗಾಜಿಗೆ ಕೆಂಪು ಜಿಲೇಟಿನ್ ಕಾಗದ. ಗಾಳಿಯಾಡುವ ಮುಚ್ಚಳದ ಡಬ್ಬಿ.

ಸೀಸ ಮನೆಯಲ್ಲೇ ಇರಲಿ. ಜೇಬಿನಲ್ಲಿದ್ದರೆ ಕೈ ಸುಮ್ನೆ ಅದರ ಕಡೆ ಹೋಗುತ್ತದೆ.

ಹಂತ 1: ನೀರು ಆರಿಸಿ, ಕೇಳಿ ಇಳಿಯಿರಿ

ಕೆರೆ, ಜಲಾಶಯಗಳ ಮೀನು ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅದು ಅವರ ಹೊಟ್ಟೆಪಾಡು. ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಆ ನೀರಿನ ಹಕ್ಕು ಯಾರದು, ಪರವಾನಗಿ ಬೇಕಾ, ಈ ತಿಂಗಳು ಹಿಡಿಯಬಹುದಾ ಅಂತ ಕೇಳಿಕೊಳ್ಳಿ. ಮುಂಗಾರು ರೋಹು, ಕಾಟ್ಲಾ ಮೊಟ್ಟೆ ಇಡುವ ಕಾಲವೂ ಹೌದು. ಹಿಡಿಯಬೇಡಿ ಅಂದರೆ ಹಿಡಿಯಬೇಡಿ.

ಇನ್ನು ನೀರಿನ ವಿಷಯ. ಹೊಸ ಮಳೆಗೆ ಭೀಮಾ, ಕಾಗಿಣಾ ನದಿಗಳೆರಡೂ ಕದಡುತ್ತವೆ. ಎರೆಹೊಲದ ಮಣ್ಣು ಇಳಿದು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಗ ಮೀನಿಗೆ ಮೇಲೆ ಬಿದ್ದ ಹುಳ ಕಾಣುವುದಿಲ್ಲ. ಒಂದು ಪರೀಕ್ಷೆ: ಮೊಣಕೈ ತನಕ ಕೈ ಇಳಿಸಿ. ಬೆರಳ ತುದಿ ಕಂಡರೆ ಈ ಪದ್ಧತಿ ನಡೆಯುತ್ತದೆ. ಮಣಿಕಟ್ಟಿಗೇ ಮರೆಯಾದರೆ ನದಿ ಬಿಟ್ಟು ನಿಂತ ನೀರಿಗೆ ಹೋಗಿ. ಕಾರಂಜಾ, ಬೆಣ್ಣೆತೊರಾ, ಹತ್ತಿಕುಣಿ, ಚಂದ್ರಂಪಳ್ಳಿ ಇಂಥ ಜಲಾಶಯಗಳಲ್ಲಿ ಹಳ್ಳ ಬಂದು ಸೇರುವ ಬಾಯಿಯಿಂದ ದೂರದ ಮೂಲೆಗಳು ತಿಳಿಯಾಗಿ ಉಳಿಯುವುದು ಹೆಚ್ಚು.

ಹಂತ 2: ಈಸಲು ಏಳುವ ದಿನ ಗುರುತಿಸಿ

ಎಲ್ಲ ಮಳೆಗೂ ಈಸಲು ಏಳುವುದಿಲ್ಲ. ಧೂಳು ಅಡಗಿಸಿ ಹೋಗುವ ಮಳೆ ಸಾಲದು, ನೆಲ ನೆನೆಯಬೇಕು. ಮಳೆ ನಿಂತು, ಗಾಳಿ ಬಿದ್ದು, ಅಂಗಿ ಮೈಗೆ ಅಂಟುವಂಥ ಧಗೆ ಇರುವ ಸಂಜೆ ನಿಮ್ಮದು. ಮಳೆ ಬಿದ್ದ ದಿನವೇ ಆಗಬಹುದು, ಮರುದಿನವೂ ಆಗಬಹುದು. ಗಾಳಿ ಜೋರಾಗಿ ಬೀಸುತ್ತಿದ್ದರೆ ಕಾಯಬೇಡಿ.

ಹುತ್ತದ ಹತ್ತಿರ ಹೋಗಿ ನೋಡಿ. ಕೆಂಪು ಮಣ್ಣಿನ ಬೀದರ್ ಕಡೆ, ಚಿಂಚೋಳಿ ಕಡೆ ಹುತ್ತ ಸುಲಭವಾಗಿ ಸಿಗುತ್ತವೆ. ಎರೆ ಸೀಮೆಯಲ್ಲಿ ಹೊಲದ ಬದು, ಬೇವಿನ ಬುಡ, ಹಳೇ ಗೋಡೆ ನೋಡಬೇಕು. ಹುಳ ಹಾರುವ ಮೊದಲು ಕೆಲಸಗಾರ ಗೆದ್ದಲುಗಳು ನೆಲದಲ್ಲಿ ಸಣ್ಣ ಸೀಳು ತೆರೆಯುತ್ತವೆ. ಹಸಿ ಮಣ್ಣಿನ ಅಂಚು ಕಟ್ಟಿದ ಆ ಬಾಯಲ್ಲಿ ಬಿಳಿ ಗೆದ್ದಲು ಗಿಜಿಗುಡುತ್ತಿರುತ್ತವೆ, ದೊಡ್ಡ ತಲೆಯ ಕಾವಲು ಗೆದ್ದಲು ಸುತ್ತ ನಿಂತಿರುತ್ತವೆ. ಇದು ಕಂಡರೆ ಮತ್ತೇನೂ ಕೇಳಬೇಡಿ, ನೀರಿನ ಕಡೆ ನಡೆಯಿರಿ.

ಹುತ್ತ ಸಿಗದಿದ್ದರೆ ಹಕ್ಕಿ ನೋಡಿ. ಕಾಜಾಣ, ಕಾಗೆ, ಹದ್ದು ಒಂದೇ ಜಾಗದ ಮೇಲೆ ತಗ್ಗಿನಲ್ಲಿ ಸುತ್ತುತ್ತಾ ಗಾಳಿಯಲ್ಲೇ ಏನೋ ಹೆಕ್ಕುತ್ತಿದ್ದರೆ ಅಲ್ಲಿ ಈಸಲು ಎದ್ದಿದೆ.

ಜೂನ್‌ನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಏಳರ ಸುಮಾರಿಗೆ. ಐದೂವರೆಗೆ ದಡದಲ್ಲಿರಿ. ಹಾರಾಟ ಕೆಲವೊಮ್ಮೆ ಅರ್ಧ ಗಂಟೆಯೂ ಇರುವುದಿಲ್ಲ. ಮನೆಯ ಬಲ್ಬಿಗೆ ಹುಳ ಮುತ್ತಿದ ಮೇಲೆ ಗಾಳ ಹುಡುಕಿ ಹೊರಟವರು ತಲುಪುವಷ್ಟರಲ್ಲಿ ಮುಗಿದಿರುತ್ತದೆ.

ಹಂತ 3: ಗಾಳಿ ನೋಡಿ ನಿಲ್ಲಿ

ಈಸಲು ಬಲವಾಗಿ ಹಾರುವ ಹುಳವಲ್ಲ, ಗಾಳಿ ಒಯ್ದ ಕಡೆ ಹೋಗುತ್ತದೆ. ಒಂದು ಚಿಟಿಕೆ ಒಣ ಮಣ್ಣು ಬಿಟ್ಟು ನೋಡಿ. ಹುತ್ತ ಇರುವ ದಿಬ್ಬ ಅಥವಾ ಗಿಡಗಳ ಸಾಲು ನಿಮ್ಮ ಬೆನ್ನ ಹಿಂದೆ, ಗಾಳಿಯೂ ಬೆನ್ನ ಹಿಂದಿನಿಂದ ನೀರಿನ ಕಡೆ. ಹಾರಾಟ ಶುರುವಾದಾಗ ಇದು ಸರಿಯಾದ ಜಾಗ. ಹುಳ ಬೀಳುವುದು ದಡದಿಂದ ಹತ್ತು ಇಪ್ಪತ್ತು ಅಡಿಯಲ್ಲೇ. ಮೀನೂ ಅಲ್ಲಿಗೇ ಬರುತ್ತದೆ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. ದೊಡ್ಡ ಮೀನು ನಡು ನೀರಿನಲ್ಲಿ ಅಂದುಕೊಂಡು ಮಂಡಿ ತನಕ ನೀರಿಗಿಳಿದು ದೂರ ಎಸೆಯುತ್ತಾರೆ. ಮೀನು ಇರಬೇಕಾದ ಜಾಗದಲ್ಲಿ ತಾವೇ ನಿಂತಿರುತ್ತಾರೆ. ದಡದಿಂದ ಎರಡು ಹೆಜ್ಜೆ ಹಿಂದೆ ಕೂತುಕೊಳ್ಳಿ. ನಿಮ್ಮ ತಲೆ ಆಕಾಶಕ್ಕೆ ಎದ್ದು ಕಾಣದ ಹಾಗೆ ಹಿಂದೊಂದು ಜಾಲಿ ಗಿಡವೋ ದಿಬ್ಬವೋ ಇರಲಿ.

ಹಂತ 4: ನಿಜ ಹುಳ ಕೂಡಿಸಿ, ಮುಳ್ಳಿಗೆ ಹಾಕಿ

ಬಿದಿರು ಕೋಲಿನವರಿಗೆ ನಿಜವಾದ ಈಸಲೇ ಒಳ್ಳೆಯದು. ಬೀಸಿ ಎಸೆಯುವ ಕೆಲಸವಿಲ್ಲ, ಮೆಲ್ಲಗೆ ಇಳಿಸುವುದಷ್ಟೇ. ಹಾಗಾಗಿ ಹುಳ ಹರಿದು ಹೋಗುವುದಿಲ್ಲ.

ಹಿಂದಿನ ಸಂಜೆ ಮನೆಯಂಗಳದಲ್ಲಿ ಬಲ್ಬಿನ ಕೆಳಗೆ ಅಗಲ ಪರಾತದಲ್ಲಿ ಒಂದು ಬೆರಳು ನೀರಿಟ್ಟರೆ ಹುಳ ತಾವೇ ಬೀಳುತ್ತವೆ. ಕೂಡಲೇ ತೆಗೆದು ಹಳೇ ಬಟ್ಟೆಯ ಮೇಲೆ ಹರವಿ. ನೀರಿನಲ್ಲೇ ಬಿಟ್ಟರೆ ಮೆತ್ತಗಾಗಿ ಮುಳ್ಳಿಗೆ ನಿಲ್ಲುವುದಿಲ್ಲ. ಒಣ ಎಲೆ ಹಾಕಿದ ಡಬ್ಬಿಯಲ್ಲಿ ಇಡಿ, ಬಿಸಿಲಿಗೆ ಇಡಬೇಡಿ. ರೆಕ್ಕೆ ಉದುರಿದವನ್ನು ಬೇರೆ ಡಬ್ಬಿಗೆ ಹಾಕಿ. ಎರಡಕ್ಕೂ ಬೇರೆ ಬೇರೆ ಹೊತ್ತಿದೆ, ಮುಂದೆ ಹೇಳುತ್ತೇನೆ.

ಹುಳವನ್ನು ಹೊಟ್ಟೆಗೆ ಚುಚ್ಚಬೇಡಿ. ಹೊಟ್ಟೆ ಹಾಲಿನ ಕೆನೆಯಂತೆ, ಒತ್ತಿದರೆ ಹರಿಯುತ್ತದೆ. ರೆಕ್ಕೆ ಹುಟ್ಟುವ ಎದೆಯ ಭಾಗ ಗಟ್ಟಿ. ಅಲ್ಲಿಂದ ಮುಳ್ಳು ತೂರಿಸಿ, ಹೊಟ್ಟೆ ಇಳಿಬಿದ್ದಿರಲಿ. 14 ನಂಬರಿಗೆ ಒಂದು, 12ಕ್ಕೆ ಎರಡು. ಐದಾರು ಪೋಣಿಸಿ ಗೊಂಚಲು ಮಾಡುವವರಿದ್ದಾರೆ. ಗೊಂಚಲು ಮುಳುಗುತ್ತದೆ, ಮತ್ತೆ ನೀರ ಮೇಲೆ ಒಂದೊಂದೇ ತಿನ್ನುತ್ತಿರುವ ಮೀನಿಗೆ ಅದು ಬೇರೆಯೇ ವಸ್ತುವಾಗಿ ಕಾಣುತ್ತದೆ.

ಹಂತ 5: ಹುಸಿ ಹುಳ ಕಟ್ಟುವುದು

ರೀಲ್ ಕೋಲಿನವರಿಗೆ ಇದೇ ದಾರಿ. ನಿಜ ಹುಳ ಎರಡನೇ ಎಸೆತಕ್ಕೆ ಉಳಿಯುವುದಿಲ್ಲ. ಕಟ್ಟಿದ ಹುಳ ಹತ್ತು ಮೀನಿಗೂ ಬರುತ್ತದೆ.

ಮೊದಲು ಒಂದು ನಿಜ ಈಸಲು ಅಂಗೈಯಲ್ಲಿಟ್ಟು ನೋಡಿ. ಮೈ ಕಂದು, ಉದ್ದ ಒಂದು ಜೋಳದ ಕಾಳಿಗಿಂತ ಎರಡು ಪಟ್ಟಿಗೂ ಹೆಚ್ಚು. ನಾಲ್ಕು ರೆಕ್ಕೆ, ನಾಲ್ಕೂ ಸಮ, ಮೈಗಿಂತ ಉದ್ದ. ಕೂತಾಗ ಬೆನ್ನ ಮೇಲೆ ಒಂದರ ಮೇಲೊಂದು ಚಪ್ಪಟೆ ಮಲಗಿರುತ್ತವೆ. ಮೇಫ್ಲೈ ರೆಕ್ಕೆ ಹಾಯಿಯಂತೆ ನೆಟ್ಟಗೆ ನಿಲ್ಲುತ್ತದೆ, ಬಾಲದಲ್ಲಿ ಎರಡು ಮೂರು ಎಳೆ ಇರುತ್ತವೆ. ಪಟ್ಟಣದಿಂದ ತರಿಸಿದ, ಟ್ರೌಟ್ ಹಿಡಿಯಲು ಕಟ್ಟಿದ ಹುಸಿ ಹುಳಗಳು ಇಲ್ಲಿ ಸೋಲುವುದಕ್ಕೆ ಈ ಆಕಾರವೂ ಒಂದು ಕಾರಣ.

ಕಟ್ಟುವ ಕ್ರಮ ಹೀಗೆ. 12 ನಂಬರ್ ಮುಳ್ಳಿನ ದಂಡಿಗೆ ಕಂದು ಹೊಲಿಗೆ ದಾರ ಸುತ್ತಿ. ಹಳೇ ಹವಾಯಿ ಚಪ್ಪಲಿಯ ಅಟ್ಟೆಯಿಂದ ಬೆಂಕಿಕಡ್ಡಿ ದಪ್ಪದ ಪಟ್ಟಿ ಕೊಯ್ದು ದಂಡಿಯ ಮೇಲೆ ಇಟ್ಟು, ನಡುವೆ ಮತ್ತು ತಲೆಯ ಹತ್ತಿರ ಬಿಗಿಯಿರಿ. ಕಂದು ಮಾರ್ಕರಿನಿಂದ ಬಣ್ಣ ಹಚ್ಚಿ. ತಲೆಯ ಹಿಂದೆ, ಬೆನ್ನ ಮೇಲೆ, ತೆಳು ಪಾಲಿಥಿನ್‌ನಿಂದ ಬೇವಿನೆಲೆಯ ಆಕಾರದಲ್ಲಿ ಕತ್ತರಿಸಿದ ಎರಡು ರೆಕ್ಕೆ ಚಪ್ಪಟೆ ಮಲಗಿಸಿ ಕಟ್ಟಿ. ರೆಕ್ಕೆ ಮುಳ್ಳಿನ ಬಾಗಿಗಿಂತ ಸ್ವಲ್ಪ ಆಚೆ ಹೋಗಲಿ. ಕೊನೆಗೆ ಹುಂಜದ ಕುತ್ತಿಗೆಯ ಒಂದು ಗರಿ ಎರಡೇ ಸುತ್ತು ಸುತ್ತಿ, ಹೊಟ್ಟೆಯ ಕೆಳಗಿನ ಎಳೆಗಳನ್ನು ಕತ್ತರಿಸಿಬಿಡಿ. ಆಗ ಹುಳ ನೀರಿಗೆ ಅಂಟಿ ಕೂರುತ್ತದೆ. ಗಂಟಿಗೆ ಒಂದು ಹನಿ ಉಗುರು ಬಣ್ಣ.

ಬಟ್ಟಲು ನೀರಿನಲ್ಲಿ ಬಿಟ್ಟು ನೋಡಿ. ಮಗುಚಿ ಬಿದ್ದರೆ ಅಟ್ಟೆಯ ಪಟ್ಟಿ ದಪ್ಪವಾಗಿದೆ, ತೆಳ್ಳಗೆ ಮಾಡಿ. ಬಾಲ ಮುಳುಗಿ ತಲೆ ಎದ್ದರೆ ಮುಳ್ಳು ಭಾರ. ರೆಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಎಸೆಯುವಾಗ ಗಿರಗಿರ ತಿರುಗಿ ದಾರ ಸುರುಳಿಯಾಗುತ್ತದೆ, ಮೆತ್ತನೆಯದೇ ಬೇಕು. ಆರು ಕಟ್ಟಿ: ರೆಕ್ಕೆಯವು ನಾಲ್ಕು, ರೆಕ್ಕೆಯಿಲ್ಲದವು ಎರಡು. ರೆಕ್ಕೆಯಿಲ್ಲದ್ದಕ್ಕೆ ಅಟ್ಟೆ ಬೇಡ, ಕಂದು ಉಣ್ಣೆ ದಾರ ಸುತ್ತಿದರೆ ಸಾಕು. ಅದು ನೆನೆದು ಮೆಲ್ಲಗೆ ಮುಳುಗಬೇಕು.

ಹಂತ 6: ಉಂಗುರ ಓದಿ

ಇದನ್ನು ಕಲಿತವರಿಗೆ ಅರ್ಧ ಮೀನು ಸಿಕ್ಕ ಹಾಗೆ. ಮುಳ್ಳು ನೀರಿಗೆ ಹಾಕುವ ಮೊದಲು ಐದು ನಿಮಿಷ ಸುಮ್ಮನೆ ನೋಡಿ.

ತುಟಿಯಲ್ಲಿ ಹೀರಿದ ಹಾಗೆ 'ಚುಪ್' ಎಂದು ಸಣ್ಣ ಉಂಗುರ, ಜೊತೆಗೆ ಅಲ್ಲಿದ್ದ ಹುಳ ಮಾಯ: ಮೇಲಿನದನ್ನೇ ತಿನ್ನುತ್ತಿದೆ. ರೆಕ್ಕೆ ಹುಳ ಹಾಕಿ. ಮೆಲ್ಲಗಿನ ಉಂಗುರವೇ ಎಷ್ಟೋ ಸಲ ದೊಡ್ಡ ಮೀನಿನದು. ನೀರು ಚಿಮ್ಮಿಸಿ ಹಾರುವುದು ಬೆರಳುದ್ದದ ಬೆಳ್ಳಿ ಮೀನುಗಳೇ ಜಾಸ್ತಿ, ಅವುಗಳ ಹಿಂದೆ ಬೀಳಬೇಡಿ.

ನೀರು ಉಬ್ಬಿ ಇಳಿಯಿತು, ಬೆನ್ನು ಒಮ್ಮೆ ಕಂಡಿತು, ಆದರೆ ಮೇಲಿನ ಹುಳ ಹಾಗೇ ಇದೆ: ಒಂದೆರಡು ಬೆರಳು ಕೆಳಗೆ, ಮುಳುಗಿದ ಹುಳ ತಿನ್ನುತ್ತಿದೆ. ರೆಕ್ಕೆಯಿಲ್ಲದ್ದು ಹಾಕಿ.

ಇನ್ನೊಂದು ಮೋಸದ ನೋಟ ಇದೆ. ಮೋಡದ ದಿನದ ಮರುದಿನ ಬೆಳಗಿನ ಜಾವ ಕೆರೆ ತುಂಬ ಮೀನು ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದರೆ ಅದು ಊಟವಲ್ಲ. ನೀರಿನಲ್ಲಿ ಉಸಿರಿನ ಗಾಳಿ ಕಡಿಮೆಯಾಗಿದೆ. ಹತ್ತಿರ ಹೋದರೂ ಸರಿಯುವುದಿಲ್ಲ. ಅಲ್ಲಿ ಗಾಳ ಹಾಕಬೇಡಿ, ಕೆರೆ ನೋಡಿಕೊಳ್ಳುವವರಿಗೆ ತಕ್ಷಣ ತಿಳಿಸಿ. ಕಾಟ್ಲಾ ಕೂಡ ಮೇಲೆ ಬಾಯಿ ತೆರೆದು ಓಡಾಡುತ್ತದೆ. ಅದು ಕಣ್ಣಿಗೆ ಕಾಣದ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು, ನಿಮ್ಮ ಈಸಲಿಗೆ ಬರುತ್ತದೆ ಅಂತ ಸಂಜೆ ಕಳೆಯಬೇಡಿ.

ಹಂತ 7: ಹೊತ್ತಿಗೆ ತಕ್ಕ ಎರೆ

ಹಾರಾಟಕ್ಕೆ ಮೊದಲು, ಐದೂವರೆಯಿಂದ ಆರೂಕಾಲರ ತನಕ, ಮೀನು ಮೇಲೆ ನೋಡುತ್ತಿರುವುದಿಲ್ಲ. ಈ ಹೊತ್ತಿಗೆ ಎರೆಹುಳ ಹಾಕಬಹುದು. ನಾನು ಹಾಕುವುದಿಲ್ಲ, ದಾರ ಸರಿ ಮಾಡಿಕೊಂಡು ಕೂತಿರುತ್ತೇನೆ.

ಹುಳ ಬೀಳಲು ಶುರುವಾದ ಮೇಲೆ ಮೊದಲ ಹತ್ತು ನಿಮಿಷ ತಾಳ್ಮೆ ಬೇಕು. ಹುಳ ಬೀಳುತ್ತಿರುತ್ತದೆ, ಉಂಗುರ ಒಂದೂ ಇರುವುದಿಲ್ಲ. ಮೀನಿಗೆ ಗೊತ್ತಾಗಲು ಹೊತ್ತು ಬೇಕು. ಗಾಬರಿಯಾಗಿ ಜಾಗ ಬದಲಿಸಿದವರು ಹಿಂದೆ ನೋಡಿದರೆ ಬಿಟ್ಟು ಬಂದ ಜಾಗದಲ್ಲೇ ಉಂಗುರ ಏಳುತ್ತಿರುತ್ತವೆ. ನಂತರದ ಇಪ್ಪತ್ತು ನಿಮಿಷ ರೆಕ್ಕೆ ಹುಳದ್ದು. ಜಿಲೇಬಿ, ಸಣ್ಣ ರೋಹು ಬರುವುದು ಆಗಲೇ.

ನೀರಿನ ಮೇಲೆ ಹುಳ ಅತಿಯಾದಾಗ ಇನ್ನೊಂದು ತೊಂದರೆ. ಸಾವಿರದಲ್ಲಿ ನಿಮ್ಮದು ಒಂದು. ಆಗ ಗುಂಪಿನ ನಡುವೆ ಹಾಕಬೇಡಿ. ಹುಳ ತೆಳುವಾಗಿರುವ ಅಂಚಿಗೆ ಹಾಕಿ, ಹತ್ತು ಎಣಿಸಿದ ಮೇಲೆ ಕೋಲಿನ ತುದಿ ಒಂದು ಬೆರಳಷ್ಟು ಅಲುಗಿಸಿ. ಹುಳ ಒದ್ದಾಡಿದ ಹಾಗೆ ಕಾಣುತ್ತದೆ. ಎರಡನೇ ಸಲ ಅಲುಗಿಸಬೇಡಿ.

ಕತ್ತಲಾಗುತ್ತಿದ್ದಂತೆ ರೆಕ್ಕೆ ಉದುರಿ, ಹುಳ ನೆನೆದು ಮುಳುಗುತ್ತವೆ. ಉಂಗುರ ಕಡಿಮೆಯಾಗುತ್ತದೆ, ಜನ ಸಾಮಾನು ಕಟ್ಟುತ್ತಾರೆ. ನೀವು ರೆಕ್ಕೆಯಿಲ್ಲದ ಹುಳಕ್ಕೆ ಬದಲಿಸಿ. ದಡದ ಜೊಂಡಿನ ಅಂಚಿನಲ್ಲಿ ಕೊರಮೀನು ಓಡಾಡುವ ಹೊತ್ತು ಇದು. ಆದರೆ ಅದರ ಹಲ್ಲಿಗೆ 0.18 ದಾರ ನಿಲ್ಲುವುದಿಲ್ಲ, ಕೊರಮೀನು ಬೇಕೆಂದರೆ ದಪ್ಪ ದಾರದ ಇನ್ನೊಂದು ಕೋಲು ಇರಲಿ.

ಹಂತ 8: ಇಳಿಸುವುದು, ಎತ್ತುವುದು

ನಿಂತ ನೀರಿನಲ್ಲಿ ಮೀನು ಒಂದೇ ಕಡೆ ನಿಲ್ಲುವುದಿಲ್ಲ, ತಿನ್ನುತ್ತಾ ಸಾಗುತ್ತದೆ. ಒಂದು ಉಂಗುರ, ಎರಡನೇ ಉಂಗುರ ನೋಡಿ. ಮೂರನೆಯದು ಎಲ್ಲಿ ಎಂದು ಅಂದಾಜು ಮಾಡಿ, ಅದಕ್ಕೂ ಒಂದು ಮಾರು ಮುಂದೆ ಇಳಿಸಿ. ಉಂಗುರದ ನಡುವೆಯೇ ಹಾಕಿದರೆ ಮೀನು ಆಗಲೇ ಮುಂದೆ ಹೋಗಿರುತ್ತದೆ, ಮೇಲಾಗಿ ಬೆಚ್ಚಿ ಆಳಕ್ಕೆ ಇಳಿಯುತ್ತದೆ.

ಗುಂಡು ಬೆಂಡಿಗೆ ಅರ್ಧ ನೀರು ತುಂಬಿ. ಬೆಂಡಿನಿಂದ ಹುಳಕ್ಕೆ ನಾಲ್ಕೈದು ಅಡಿ ದಾರ ಇರಲಿ. ಬೆಂಡು ಉಂಗುರಗಳಾಚೆ ಬೀಳಲಿ, ಆಮೇಲೆ ಮೆಲ್ಲಗೆ ಎಳೆದು ಹುಳವನ್ನು ಜಾಗಕ್ಕೆ ತನ್ನಿ. ದಾರ ನೀರಿನ ಮೇಲೆ ಬಿಲ್ಲಿನಂತೆ ಬಾಗಿದ್ದರೆ ಗಾಳಿ ಅದನ್ನು ಎಳೆದು ಹುಳ ಓಡತೊಡಗುತ್ತದೆ. ಸತ್ತ ಹುಳ ಓಡುವುದಿಲ್ಲ, ಅದು ಮೀನಿಗೂ ಗೊತ್ತು.

ಹುಳ ಮಾಯವಾದ ಕೂಡಲೇ ಎಳೆಯಬೇಡಿ. ಮೀನಿಗೆ ಬಾಯಿ ಮುಚ್ಚಿ ತಲೆ ತಗ್ಗಿಸಲು ಬಿಡಿ. 'ಒಂದು' ಎಂದು ಮನಸ್ಸಿನಲ್ಲಿ ಪೂರ್ತಿ ಹೇಳಿ, ಆಮೇಲೆ ಕೋಲು ಮೇಲಕ್ಕೆ, ಮಣಿಕಟ್ಟಿನಿಂದ ಮಾತ್ರ. ಭುಜದಿಂದ ಜಗ್ಗಿದರೆ ಜಿಲೇಬಿಯ ತೆಳು ತುಟಿ ಹರಿಯುತ್ತದೆ. ಹೊಟ್ಟೆ ಉಬ್ಬಿ ಮೊಟ್ಟೆ ತುಂಬಿದ ಮೀನು ಬಂದರೆ ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಡಿ. ಮುಳ್ಳಿನ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿದ್ದರೆ ಬಿಡಿಸುವುದು ಸುಲಭ.

ಟಾರ್ಚನ್ನು ನೀರಿನ ಮೇಲೆ ಒಮ್ಮೆಯೂ ಹಾಯಿಸಬೇಡಿ. ಎರೆ ಕಟ್ಟುವಾಗ ನೀರಿಗೆ ಬೆನ್ನು ಮಾಡಿ ಕೆಂಪು ಬೆಳಕಿನಲ್ಲಿ ಕಟ್ಟಿ.

ಎದ್ದು ಬರಬೇಕಾದ ಗುರುತುಗಳು

ಈಸಲು ಏಳುವ ಕಾಲವೇ ಸಿಡಿಲಿನ ಕಾಲ. ಗುಡುಗು ಕೇಳಿಸಿತೆಂದರೆ ಕೋಲು ನೆಲಕ್ಕೆ ಮಲಗಿಸಿ ಹೊರಡಿ. ಕಾರ್ಬನ್ ಕೋಲು ವಿದ್ಯುತ್ ಹಾಯಿಸುತ್ತದೆ. ಮರದ ಕೆಳಗೆ ನಿಲ್ಲಬೇಡಿ, ಗಟ್ಟಿ ಕಟ್ಟಡ ಅಥವಾ ಮುಚ್ಚಿದ ಗಾಡಿಯೊಳಗೆ ಹೋಗಿ.

ಭೀಮೆಗೆ ಮಹಾರಾಷ್ಟ್ರದ ಉಜನಿಯಿಂದ, ಕೃಷ್ಣೆಗೆ ನಾರಾಯಣಪುರದಿಂದ ನೀರು ಬಿಡುತ್ತಾರೆ. ನಿಮ್ಮ ತಲೆಯ ಮೇಲೆ ಮಳೆ ಇಲ್ಲದಿದ್ದರೂ ನದಿ ಏರುತ್ತದೆ. ದಡದಲ್ಲಿ ಒಂದು ಕಡ್ಡಿ ನೆಟ್ಟು ನೀರಿನ ಮಟ್ಟಕ್ಕೆ ಗೀರು ಹಾಕಿ. ಗೀರು ಮುಳುಗಿದರೆ, ಕಸಕಡ್ಡಿ ತೇಲಿ ಬರತೊಡಗಿದರೆ, ನೀರಿನ ಬಣ್ಣ ಬದಲಾದರೆ ಮೀನು ಕಚ್ಚುತ್ತಿದ್ದರೂ ಏಳಿ. ನಡುಗಡ್ಡೆಯ ಬಂಡೆಗಳ ಮೇಲೆ ಸಂಜೆ ಹೊತ್ತು ಹೋಗಲೇಬೇಡಿ.

ಕೃಷ್ಣೆಯಲ್ಲಿ ಮೊಸಳೆಗಳಿವೆ. ಕತ್ತಲಲ್ಲಿ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮೀನು ತೊಳೆಯುವುದು ಬೇಡ. ಹುತ್ತದ ಹತ್ತಿರ ಈಸಲು ತಿನ್ನಲು ಕಪ್ಪೆ ಬರುತ್ತವೆ, ಕಪ್ಪೆಗೆ ಹಾವು ಬರುತ್ತದೆ. ಕಾಲಿಗೆ ಬೂಟು ಇರಲಿ, ಹುತ್ತಕ್ಕೆ ಕೈ ಹಾಕಬೇಡಿ.

ಹಂತ 9: ಮರುದಿನ ಬೆಳಿಗ್ಗೆ

ಬಹಳ ಜನ ಬಿಟ್ಟುಬಿಡುವ ಹೊತ್ತು ಇದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ರಾತ್ರಿ ಬಿದ್ದ ರೆಕ್ಕೆ, ಸತ್ತ ಹುಳ ಎಲ್ಲವನ್ನೂ ಗಾಳಿ ಒಂದು ಮೂಲೆಗೆ ದೂಡಿರುತ್ತದೆ. ಈಗ ಜಾಗದ ಲೆಕ್ಕ ತಿರುವುಮುರುವು. ಸಂಜೆ ಗಾಳಿ ಬೆನ್ನಿಗಿತ್ತು, ಬೆಳಿಗ್ಗೆ ಮುಖಕ್ಕೆ ಬಡಿಯುವ ದಡಕ್ಕೆ ಹೋಗಿ. ಅಲ್ಲಿ ನೀರಿನ ಮೇಲೆ ಅಭ್ರಕದ ಪುಡಿ ಚೆಲ್ಲಿದ ಹಾಗೆ ರೆಕ್ಕೆಗಳ ಪದರ ಹೊಳೆಯುತ್ತಿರುತ್ತದೆ. ಅದರ ಅಂಚಿನಲ್ಲಿ ಮೀನಿನ ಮೂತಿ ಮಾತ್ರ ಮೆಲ್ಲಗೆ ಮೇಲೆ ಬಂದು ಹೋಗುತ್ತದೆ.

ರೆಕ್ಕೆಗಳ ನಡುವೆ ಹಾಕಿದರೆ ದಾರಕ್ಕೆ ಅಂಟಿಕೊಳ್ಳುತ್ತವೆ. ಪದರದ ಹೊರಗೆ ಒಂದು ಗೇಣು ಬಿಟ್ಟು, 14 ನಂಬರಿನಲ್ಲಿ ರೆಕ್ಕೆಯಿಲ್ಲದ ಒಂದೇ ಹುಳ, ಬೆಂಡಿಲ್ಲದೆ. ದಾರದ ಚಲನೆ ನೋಡಿ: ಸುಮ್ಮನೆ ಬಿದ್ದ ದಾರ ಒಂದು ಕಡೆ ಸರಿಯತೊಡಗಿದರೆ ಎತ್ತಿ. ಆರರಿಂದ ಎಂಟರ ತನಕ ಇದು ನಡೆಯುತ್ತದೆ. ಬಿಸಿಲು ಆ ಮೂಲೆಗೆ ಬಿದ್ದು, ರೆಕ್ಕೆಗಳು ದಡದ ಕಲ್ಲಿಗೆ ಒಣಗಿ ಅಂಟಿದ ಮೇಲೆ ಕೋಲು ಮಡಚಬಹುದು.